ಅಳಿಯನಿಗೆ ಹಾಸಿದ ಕೌದಿ

ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ ನನಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು. ನವನಗರದ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಆ ಪಾಠದ ಕೊನೆಗೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಮಾತು ಬರುತ್ತದೆ. ಹನ್ನೊಂದು ವರ್ಷ ಅದನ್ನು, "ಇದನ್ನ ಮನ್ಯಾಗ ಓದಿಕೊಳ್ರಿ, ಪರೀಕ್ಷಾಕ್ಕ ಬರಂಗಿಲ್ಲ" ಎಂದು ಹೇಳಿ ಪುಟ ಮಗುಚಿಬಿಟ್ಟೆ. ನನ್ನ ಒಡಹುಟ್ಟಿದ ತಂಗಿಯೂ ನನ್ನ ಕೈಯಲ್ಲೇ ಕಲಿತವಳು. ಅವಳ ಬೆಂಚಿನ ಎದುರು ನಿಂತೇ ಪುಟ ಮಗುಚಿದ್ದೆ. ನನ್ನ ಕೈಗಿಷ್ಟು ಬೆಂಕಿ ಹಾಕಬೇಕು.

ತಂಗಿಯನ್ನು ಇಳಕಲ್ಲಿಗೆ ಕೊಟ್ಟೆವು. ಅವಳ ಗಂಡ ಸೀರೆಗಳ ಗಂಟು ಕಟ್ಟಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ಸೊಲ್ಲಾಪುರ, ಪುಣೆ ಕಡೆ ವ್ಯಾಪಾರಕ್ಕೆ ತಿರುಗುವವನು. ಅವಳ ಮೊದಲ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ಹೋಯಿತು. ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳಂತೆ, ಅದಕ್ಕೇ ಹೀಗಾಯಿತು ಅಂದರು ಎಲ್ಲರೂ. ವಿಜ್ಞಾನದ ಟೀಚರು ನಾನೂ ಹೂಂ ಅಂದೆ.

ಎರಡನೆಯ ಬಸಿರಿಗೆ ಏಳು ತಿಂಗಳಾದಾಗ ಕುಬಸದ ಶಾಸ್ತ್ರ ಮಾಡಿ ಅವಳನ್ನು ಗುಡೂರಿಗೆ, ನಮ್ಮವ್ವನ ಮನೆಗೆ ಕರೆದುಕೊಂಡು ಬಂದೆವು. ಅಲ್ಲಿಯತನಕ ಅತ್ತೆಮನೆಯವರು ಒಂದು ಸಲವೂ ರಕ್ತ ತಪಾಸಣೆ ಮಾಡಿಸಿರಲಿಲ್ಲ. ನಾನೇ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ರಕ್ತದ ಚೀಟಿ ನೋಡಿದ ಡಾಕ್ಟರಮ್ಮ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಸಿಫಿಲಿಸ್.

"ಮೊದಲಿನ ಕೂಸೂ ಇದರಿಂದನ ಹೋಗಿರಬೇಕು," ಅಂದರು. "ಅಳಬ್ಯಾಡ್ರಿ, ಇದು ವಾಸಿ ಆಗೂ ರೋಗ. ವಾರಕ್ಕ ಒಂದರಂಗ ಮೂರು ಇಂಜೆಕ್ಷನ್. ವಾರ ಮಾತ್ರ ತಪ್ಪಿಸಬಾರ್ದು, ಇಲ್ಲಂದ್ರ ಕೂಸಿಗೆ ಧಕ್ಕಿ. ಗಂಡನ್ನೂ ಕರಕೊಂಡ ಬರ್ರಿ. ಅವರು ಔಷಧ ತಗೋಳಲಿಲ್ಲಂದ್ರ ಇಕಿಗಿ ಮತ್ತ ಬರತೈತಿ. ಅಲ್ಲೀತನಕ ಕೂಡಿ ಮಲಗೂದು ಬ್ಯಾಡ."

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಮೆಲ್ಲಗೆ ಬಾಯಿಬಿಟ್ಟಳು. ಮದುವೆಯಾದ ಹೊಸತರಲ್ಲಿ ಅವನಿಗೆ ಅಲ್ಲೊಂದು ಹುಣ್ಣಾಗಿತ್ತಂತೆ. "ನೋವ ಇರಲಿಲ್ಲಂತಕ್ಕಾ. ತಾನ ಮಾಯ್ತು. ಮಾಯ್ದ ಮ್ಯಾಲ ಏನ್ ಕೇಳೂದು?" ಹುಣ್ಣು ನೋಯುವುದಿಲ್ಲ, ತಾನಾಗಿ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಹನ್ನೊಂದು ವರ್ಷ ನಾನು ಕೆಮ್ಮಿ ದಾಟಿಸಿದ ಮಾತು ಇದೇ.

ಅವನಿಗೆ ಫೋನು ಮಾಡಿದರೆ, "ನನಗೇನ್ ಧಾಡಿ ಆಗೈತ್ರಿ ಅಕ್ಕಾರ? ಕಲ್ಲಿನಂಗ ಗಟ್ಟಿ ಅದೀನಿ," ಅಂದು ನಕ್ಕ.

ಎರಡು ಇಂಜೆಕ್ಷನ್ ಆದವು. ಮೂರನೆಯದು ಗುರುವಾರ. ಮಂಗಳವಾರ, ಪಂಚಮಿಯ ಉಂಡಿ ತಿನ್ನಲು ಅಳಿಯ ಬಂದ. ನಮ್ಮ ಮನೆಯಲ್ಲಿ ಅಳಿಯ ಬಂದನೆಂದರೆ ದೇವರೇ ಬಂದ ಹಾಗೆ. ಕಾಲಿಗೆ ಬಿಸಿನೀರು, ತಾಟಿನ ತುಂಬ ಉಂಡಿ, ಊಟವಾದ ಮೇಲೆ ಒಳಗಿನ ಖೋಲಿಯಲ್ಲಿ ಗಂಡಹೆಂಡತಿಗೆ ಹೊಸ ಕೌದಿ. ಅಳಿಯನಿಗೆ ಪ್ರಶ್ನೆ ಕೇಳುವ ಪದ್ಧತಿ ಮಾತ್ರ ಇಲ್ಲ. ಅವ್ವನಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಆದರೂ ಮಧ್ಯಾಹ್ನವೇ ಅವಳು ಟ್ರಂಕಿನಿಂದ ಕೌದಿ ಹೊರಗೆ ತೆಗೆದಳು.

"ಅವ್ವಾ, ಡಾಕ್ಟರ್ ಹೇಳಿದ್ದು ಮರ್ತಿ ಏನ?"

"ಮರತಿಲ್ಲ. ಅಳಿಯಾಗ ಹೊರಗ ಮಲಕೋರಿ ಅಂತ ಯಾವ ಬಾಯಿಲೆ ಹೇಳ್ಲಿ? ನಾಳಿಗಿ ಮಗಳನ್ನ ಬಿಟ್ಟಗಿಟ್ಟಾನು!"

ನನಗೆ ಸಿಟ್ಟು ನೆತ್ತಿಗೇರಿತು. ಕೌದಿ ಕಸಿದುಕೊಂಡು ಹೋಗಿ ಪಡಸಾಲೆಯಲ್ಲಿ ಅವನ ಮುಂದೆ ಹಾಸಿದೆ. ಓಣಿಯ ನಾಲ್ಕು ಮಂದಿ ಹಿರಿಯರು ಅಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. "ನೀವು ಇಲ್ಲೇ ಮಲಕೋರಿ. ಗುರುವಾರ ನಮ್ಮ ಕೂಡ ಬಂದು ಇಂಜೆಕ್ಷನ್ ತಗೋರಿ. ನಿಮ್ಮ ಗುಪ್ತರೋಗಕ್ಕ ಒಂದು ಕೂಸು ಹೋಗೈತಿ. ಇನ್ನೊಂದು ಹೋಗಾಕ ನಾ ಬಿಡಂಗಿಲ್ಲ!"

ಅವನ ಮುಖ ಕಪ್ಪಿಟ್ಟಿತು. "ನಿಮ್ಮ ತಂಗಿ ಎಲ್ಲಿಂದ ತಂದಾಳೋ ಏನೋ," ಅಂದವನೇ ಅವಳ ಚೀಲ ಎತ್ತಿಕೊಂಡು, "ನಡೀ" ಅಂದ. ತುಂಬಿದ ಬಸುರಿ ನನ್ನ ಕಡೆ ಒಮ್ಮೆ ನೋಡಿ ಅವನ ಹಿಂದೆ ನಡೆದಳು. ಹೇಳಬೇಕಾದ ಕಡೆ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಹೇಳಬಾರದ ಕಡೆ ಹೊಯ್ಕೊಂಡೆ. ಅವನನ್ನು ಒಬ್ಬನನ್ನೇ ಹಿತ್ತಲಿಗೆ ಕರೆದು ಹೇಳಿದ್ದರೆ ಕೇಳುತ್ತಿದ್ದನೋ ಏನೋ. ಇವತ್ತಿಗೂ ಅದನ್ನೇ ನೆನೆದು ಕುದಿಯುತ್ತೇನೆ.

ಗುರುವಾರ ಬಂತು, ಹೋಯಿತು. ತಂಗಿಯ ಫೋನು ಸ್ವಿಚ್ ಆಫ್ ಆಗಿತ್ತು. ಅವನು ಸೊಲ್ಲಾಪುರಕ್ಕೆ ಹೋದನೆಂದು ಗೊತ್ತಾಗಲು ಹನ್ನೆರಡು ದಿನ ಬೇಕಾಯಿತು. ಆವತ್ತೇ ಇಳಕಲ್ಲಿಗೆ ಓಡಿ, ಅತ್ತೆಯ ಬೈಗುಳ ತಿಂದು, ಅವಳನ್ನು ಎಬ್ಬಿಸಿಕೊಂಡು ಬಂದೆ. ಕೂಡಿ ಮಲಗಿದ್ದಿರೇನೇ ಅಂತ ಬಸ್ಸಿನಲ್ಲಿ ಕೇಳಿದೆ.

"ನಿರೋಧ್ ಆದ್ರೂ ಹಾಕ್ಕೋರಿ ಅಂದೆ ಅಕ್ಕಾ. ಇದನ್ನೆಲ್ಲಾ ನಿನಗ ಯಾರ್ ಕಲಿಸ್ಯಾರ ಅಂತ ಕಪಾಳಕ್ಕ ಹೊಡದ್ರು."

ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವಳು ಅವಳ ಪಕ್ಕದಲ್ಲೇ ಕೂತಿದ್ದೆ.

ಡಾಕ್ಟರಮ್ಮ ಮತ್ತೆ ಒಂದನೆಯ ಇಂಜೆಕ್ಷನ್ನಿನಿಂದ ಶುರು ಮಾಡಿದರು. ಎರಡನೆಯದಾದ ನಾಲ್ಕನೆಯ ದಿನ, ದಿನ ತುಂಬುವ ಮೊದಲೇ, ಹೆರಿಗೆ ಬ್ಯಾನಿ ಎದ್ದವು. ಹೆಣ್ಣುಕೂಸು. ಅಂಗೈ ಅಂಗಾಲಿನ ಚರ್ಮ ಸುಲಿದಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಅಯ್ಯೋ ಶಿವನೇ, ಇಷ್ಟೇ ಇಷ್ಟು ತೊಡೆಗೆ ಹತ್ತು ದಿನ ಸೂಜಿ. ಪ್ರತಿಸಲ ನರ್ಸ್ ಬಂದಾಗ ತಂಗಿ ಗೋಡೆಗೆ ಮುಖ ಮಾಡುತ್ತಿದ್ದಳು. ಅವ್ವ ಮಾತ್ರ ಕಣ್ಣು ಮುಚ್ಚದೆ ನೋಡುತ್ತ ನಿಲ್ಲುತ್ತಿದ್ದಳು. ಕೂಸಿನ ಕಣ್ಣು, ಕಿವಿ ಹೇಗೋ ಏನೋ, ಮುಂದೆ ನೋಡಬೇಕು ಅಂದಿದ್ದರು ಡಾಕ್ಟರಮ್ಮ.

ಕೂಸನ್ನು ಗುಡೂರಿಗೆ ತಂದ ಮರುದಿನ ಅಳಿಯ ನೋಡಲು ಬಂದ. ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಅವನ ಕಾಲಿಗೆ ಬಿಸಿನೀರು ಕೊಟ್ಟಳು. ಆಮೇಲೆ ಒಳಗೆ ಹೋಗಿ ಅದೇ ಕೌದಿ ತಂದು ಪಡಸಾಲೆಯಲ್ಲಿ ಹಾಸಿದಳು. ಅದರ ಮೇಲೆ ಕೂಸನ್ನು ಮಲಗಿಸಿ ಬಟ್ಟೆ ಸರಿಸಿದಳು. ಎರಡೂ ತೊಡೆ ನೀಲಿಗಟ್ಟಿದ್ದವು.

"ಹತ್ತು ದಿನಾ ಚುಚ್ಚ್ಯಾರ್ರಿ ಅಳಿಯಾರ," ಅಂದಳು. "ನಿಮಗ ಎಷ್ಟ ಚುಚ್ಚ್ಯಾರ?"

ಅವನು ಬಟ್ಟೆ ಎಳೆದು ಕೂಸಿನ ತೊಡೆ ಮುಚ್ಚಿದ. ಅವ್ವ ಮತ್ತೆ ಕೇಳಿದಳು.