ಚೈನಿನ ಬಾಲಕ್ಕೆ ಕಟ್ಟಿದ ಮುಡಿಪು

ಮಲ್ಲಯ್ಯನನ್ನು ನಂಬಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಹನಗೋಡಿನ ಗೌರಮ್ಮ ಮಾಡುವ ಶರಣು. ಕಳೆದ ವರ್ಷ ಆಯುಧಪೂಜೆ ಆದ ಐದನೇ ದಿನ ನಮ್ಮ ಯಜಮಾನರ ಬಲಗಾಲಿನ ಮೇಲೆ ಕಲ್ಲು ಬಂದು ಕೂತಿತು. ಪಿರಿಯಾಪಟ್ಟಣದ ಕಡೆಯ ಒಂದು ಸಣ್ಣ ಊರಿನಲ್ಲಿ ಮಲ್ಲೇಶ್ವರನ ಹಳೇ ಗುಡಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು. ಆ ಗುಡಿಯ ಬಾಗಿಲ ಮೇಲೆ ಕೂರಬೇಕಾದ ಉದ್ದನೆಯ ಕಲ್ಲು ಅದು. ದೇವರ ಕೆಲಸಕ್ಕೆ ಹೋದವರಿಗೇ ಹೀಗಾಯಿತಲ್ಲ ಎಂದು ಅವತ್ತು ನಾನು ಮಲ್ಲಯ್ಯನಿಗೆ ಆಡಿದ ಮಾತುಗಳನ್ನು ಬರೆದರೆ ನೀವು ಈ ಕಾಗದ ಹರಿದು ಹಾಕುತ್ತೀರಿ. ಅದಕ್ಕೇ ಬರೆಯುವುದಿಲ್ಲ.

ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ: ಶಿವಮಲ್ಲಪ್ಪ. ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯೆಲ್ಲ ಕಲ್ಲು ಕೂರಿಸುವುದಕ್ಕೆ ಅವರನ್ನು ಕರೆಯುತ್ತಾರೆ. ಕ್ರೇನು ನುಗ್ಗದ ಸಂದಿಯಲ್ಲಿ ಗುಡಿ ಇದ್ದರೆ, ಮನೆಯ ಒಳಗಿನ ಕಲ್ಲುಕಂಬ ಬದಲಿಸಬೇಕಾದರೆ ಇವರೇ ಬೇಕು. ಇವರ ಹತ್ತಿರ ಕೈಯಲ್ಲಿ ಎಳೆಯುವ ಒಂದು ಯಂತ್ರವಿದೆ. ಮೂರು ಕಬ್ಬಿಣದ ಕಾಲುಗಳನ್ನು ನೆತ್ತಿಯಲ್ಲಿ ಸೇರಿಸಿ ನಿಲ್ಲಿಸುತ್ತಾರೆ. ನೆತ್ತಿಯಿಂದ ಚೈನ್ ಪುಲ್ಲಿ ನೇತಾಡುತ್ತದೆ. ಅದಕ್ಕೆ ಎರಡು ಚೈನು. ಒಂದನ್ನು ಕೈಯಲ್ಲಿ ಎಳೆದರೆ ಒಳಗಿನ ಹಲ್ಲುಚಕ್ರಗಳು ತಿರುಗಿ, ಇನ್ನೊಂದು ದಪ್ಪ ಚೈನಿನ ಕೊಕ್ಕೆಯಲ್ಲಿರುವ ಕಲ್ಲು ಒಂದೊಂದೇ ಬೆರಳಷ್ಟು ಮೇಲೇರುತ್ತದೆ. ಆ ದಪ್ಪ ಚೈನಿನ ಇನ್ನೊಂದು ತುದಿ ಸುಮ್ಮನೆ ಬಾಲದ ಹಾಗೆ ಇಳಿಬಿದ್ದಿರುತ್ತದೆ. ಹತ್ತು ಜನ ಅಲುಗಿಸಲಾಗದ ಕಲ್ಲನ್ನು ಇಬ್ಬರೇ ಎತ್ತಿ, ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸಿಕೊಂಡು ಹೋಗಿ ಕೂರಿಸುತ್ತಾರೆ. ಒಬ್ಬರು ನಮ್ಮ ಯಜಮಾನರು, ಇನ್ನೊಬ್ಬ ಹುಣಸೂರಿನ ಕಾಳಪ್ಪ. ಹದಿನಾಲ್ಕು ವರ್ಷದಿಂದ ಜೊತೆಗಿದ್ದಾನೆ. ನನ್ನನ್ನು ಅಕ್ಕ ಎನ್ನುತ್ತಾನೆ.

ಎಳೆಯುವಾಗ ಆ ಯಂತ್ರ ಟಿಕ್ ಟಿಕ್ ಟಿಕ್ ಎನ್ನುತ್ತದೆ. ನನಗೋ ಸದ್ದು ಮಾಡುವ ಸಾಮಾನು ಕಂಡರೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಕಿರ್ ಅನ್ನುವ ಬಾಗಿಲಿಲ್ಲ. ಹೊಲಿಗೆ ಮಿಷನ್ನಿಗೆ ಎಣ್ಣೆ, ಬಾವಿ ರಾಟೆಗೆ ಎಣ್ಣೆ, ಬೀರುವಿನ ಬೀಗಕ್ಕೂ ಎಣ್ಣೆ. "ಕೈಗ್ ಸಿಕ್ಕುದ್ರೆ ಪಕ್ಕದ್ ಮನೆ ಕೋಳಿ ಕೊಕ್ಕಿಗೂ ಎಣ್ಣೆ ಬುಡ್ತೀಯ ಕಣಮ್ಮಿ ನೀನು" ಎಂದು ಯಜಮಾನರು ಅಣಕಿಸುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆಯುಧಪೂಜೆ ದಿನ ಯಂತ್ರವನ್ನು ಜಗಲಿಯ ಮೇಲೆ ಇಟ್ಟು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದೆವು. ಯಜಮಾನರು ಸ್ನಾನಕ್ಕೆ ಹೋದಾಗ ನನಗೆ ಅನ್ನಿಸಿತು, ವರ್ಷವಿಡೀ ದುಡಿದ ಜೀವ, ಇದಕ್ಕೂ ಒಂದು ಎಣ್ಣೆಸ್ನಾನ ಆಗಲಿ ಎಂದು. ಹರಳೆಣ್ಣೆ ಬೆಚ್ಚಗೆ ಮಾಡಿ, ಟಿಕ್ ಟಿಕ್ ಎನ್ನುವ ಕಡೆಯ ಮುಚ್ಚಳದ ಸಂದಿಯಲ್ಲಿ ಎರಡು ಸೌಟು ಬಿಟ್ಟೆ. ಆಮೇಲೆ ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಐದು ರೂಪಾಯಿಯ ದಪ್ಪ ನಾಣ್ಯ ಗಂಟು ಹಾಕಿ, "ನಿನ್ನ ಗುಡಿ ಕೆಲಸ ಸುಸೂತ್ರವಾಗಿ ಮುಗಿದರೆ ಇದು ನಿನ್ನ ಹುಂಡಿಗೆ" ಎಂದು ಮಲ್ಲಯ್ಯನ ಹೆಸರು ಹೇಳಿ ಆ ಚೈನಿನ ಬಾಲಕ್ಕೆ ಕಟ್ಟಿದೆ. ಚೈನಿಗೆ ಏನನ್ನೂ ಕಟ್ಟಬಾರದು ಎಂಬುದು ಯಜಮಾನರ ನಿಯಮ. ಆದರೆ ದೇವರ ಮುಡಿಪು ನೋಡಿ ಸುಮ್ಮನಾದರು, ಬಿಚ್ಚಲಿಲ್ಲ. ಎಣ್ಣೆಯ ವಿಷಯ ಅವರಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡೆ.

ಐದನೇ ದಿನ ಮಧ್ಯಾಹ್ನ ಕಾಳಪ್ಪನ ಫೋನು ಬಂತು. "ಗೌರಕ್ಕಾ, ಅಣ್ಣನ್ ಕಾಲ್ ಮ್ಯಾಲೆ ಕಲ್ಲು ಬಂದ್ಬುಡ್ತು. ಉಣ್ಸೂರ್ ಆಸ್ಪತ್ರೆಗೆ ಕರ್ಕಂಡ್ ಬತ್ತಾವ್ನಿ. ನೀವೂ ಬನ್ನಿ, ಗಾಬ್ರಿ ಬೀಳ್ಬೇಡಿ" ಎಂದು ಅವನೇ ಗಾಬರಿಯಿಂದ ಅಳುತ್ತಿದ್ದ. ಹುಣಸೂರಿನಲ್ಲಿ ಕಾಲಿಗೆ ಪಟ್ಟಿ ಸುತ್ತಿ ಆಂಬುಲೆನ್ಸಿನಲ್ಲಿ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಯಜಮಾನರು ನಡೆದದ್ದು ಹೇಳಿದರು. ಗುಡಿಯ ಆವರಣ ಎಂದು ಎಲ್ಲರೂ ಬರಿಗಾಲಿನಲ್ಲಿದ್ದರು. ಕಲ್ಲು ಮೊಣಕಾಲಿನಷ್ಟು ಮೇಲೆದ್ದಿತ್ತು. ಕೆಳಗೆ ಆಸರೆಗೆ ಮರದ ದಿಮ್ಮಿ ಇಡುವಾಗ ಕಲ್ಲು ಇದ್ದಕ್ಕಿದ್ದಂತೆ ಸರ್ರನೆ ಇಳಿಯಿತು.

"ಇಳಿದ್ ಕಲ್ಲು ಪಾದ ಅದುಮಿ ಅಲ್ಲೇ ನಿಂತ್ಕತು ಕಣಮ್ಮಿ. ಪೂರ್ತಿ ಕೂರ್ಲಿಲ್ಲ. ಯಾಕೆ ನಿಂತ್ಕತು ಅಂತ್ಲೇ ಗೊತ್ತಾಗ್ನಿಲ್ಲ. ಆರೆ ಹಾಕಿ ಮೀಟಿ ಕಾಲು ಎಳ್ಕಂಡ್ರು" ಎಂದರು.

ನನ್ನ ತಲೆಗೆ ಹೋದದ್ದು ಒಂದೇ ಮಾತು. ಚೈನು ಕಾಳಪ್ಪನ ಕೈಯಲ್ಲಿತ್ತು. ಕಲ್ಲು ಇಳಿದಿದೆ ಎಂದರೆ ಅವನು ಕೈಬಿಟ್ಟಿದ್ದಾನೆ.

ಆ ರಾತ್ರಿಯೇ ಆಪರೇಷನ್ ಮಾಡಿ ಮೂಳೆ ಕೂಡಿಸಿದರು. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಪೂರ್ತಿ ಜಜ್ಜಿಹೋಗಿದ್ದವು, ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮುಚ್ಚುಮರೆ ಇಲ್ಲದೆ ಹೇಳಿದರು. "ಪಾದದ ಮುಂದಿನ ಭಾಗಕ್ಕೆ ರಕ್ತ ಸರಿಯಾಗಿ ಹೋಗ್ತಾ ಇಲ್ಲಮ್ಮ. ದಿನಾ ಪಟ್ಟಿ ಬಿಚ್ಚಿ ನೋಡ್ತೀವಿ. ಕಪ್ಪು ಮೇಲಕ್ಕೇರಿದ್ರೆ ಪಾದ ಉಳಿಸೋಕಾಗಲ್ಲ." ಕಲ್ಲು ಕೂರಿಸುವವನಿಗೆ ಪಾದ ಹೋದರೆ ಉಳಿಯುವುದೇನು? ನಮ್ಮ ಯಜಮಾನರಿಗೆ ಬೇರೆ ಕೆಲಸ ಗೊತ್ತಿಲ್ಲ, ಗೊತ್ತಿದ್ದರೂ ಮನಸ್ಸಿಲ್ಲ. ಎರಡನೇ ದಿನ ಪಟ್ಟಿ ಬಿಚ್ಚಿದಾಗ ನಡುಬೆರಳೂ ಕಪ್ಪಿಟ್ಟಿತ್ತು. ಪಾದ ಮುಟ್ಟಿ ನೋಡಿದೆ, ತಣ್ಣಗಿತ್ತು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮೂರನೇ ದಿನ ಕಾಳಪ್ಪ ಎಳನೀರು ತೆಗೆದುಕೊಂಡು ಬಂದ. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಅದನ್ನು ನೋಡಿದೆ, ಏನಾಯಿತು ಎಂದು ಕೇಳಲಿಲ್ಲ. ವಾರ್ಡಿನಲ್ಲಿ ಎಲ್ಲರ ಮುಂದೆ, "ಕೈ ಬುಟ್ಟೋನು ಯಾವ್ ಮಕ ಇಟ್ಕಂಡ್ ಬಂದೆ? ನಿನ್ ಕಾಲಿಗೂ ಹಿಂಗೇ ಆಗ್ಲಿ" ಎಂದುಬಿಟ್ಟೆ.

"ನಾನು ಬುಟ್ಟಿಲ್ಲ ಅಕ್ಕಾ" ಎಂದ. ಅಷ್ಟೇ. ಎಳನೀರನ್ನು ಮಂಚದ ಕೆಳಗೆ ಇಟ್ಟು ಹೊರಟುಹೋದ. ಅವತ್ತು ನಾನು ಮಲ್ಲಯ್ಯನನ್ನು ಬೇಡಿದ್ದು ಎರಡು ವರ: ಇವರ ಕಾಲು ಉಳಿಸು, ಅವನನ್ನು ನೀನೇ ನೋಡಿಕೋ. ಹೀಗೂ ಒಂದು ಪ್ರಾರ್ಥನೆ ಇರುತ್ತದೆ ಎಂದು ನಿಮಗೆ ತಿಳಿಯಲಿ ಎಂದೇ ಬರೆದಿದ್ದೇನೆ.

ನಾಲ್ಕನೇ ದಿನ ನನ್ನ ತಂಗಿಯನ್ನು ಅವರ ಹತ್ತಿರ ಕೂರಿಸಿ ಬಟ್ಟೆಬರೆ ತರಲು ಊರಿಗೆ ಬಂದೆ. ಗುಡಿಯವರು ಯಂತ್ರವನ್ನು ನಮ್ಮ ಜಗಲಿಗೆ ತಂದು ಹಾಕಿದ್ದರು. ಅದನ್ನು ನೋಡಿದ್ದೇ ನನಗೊಂದು ಹಟ ಬಂತು. ಯಂತ್ರದ್ದು ತಪ್ಪಿಲ್ಲ ಎಂದು ರಿಪೇರಿಯವರ ಬಾಯಲ್ಲಿ ಹೇಳಿಸಿಬಿಟ್ಟರೆ ಕಾಳಪ್ಪ ತಪ್ಪಿಸಿಕೊಳ್ಳುವ ಹಾಗಿಲ್ಲ. ಪುಲ್ಲಿಯನ್ನು ಚೈನು ಸಮೇತ ಗೋಣಿಚೀಲಕ್ಕೆ ಹಾಕಿ, ಪಕ್ಕದ ಮನೆಯವರಿಂದ ಬಸ್ಸಿಗೆ ಎತ್ತಿಸಿದೆ. "ಏನ್ ತಾಯಿ ಇದು, ಕಲ್ಲು ತುಂಬ್ಕಂಡಿದ್ದೀಯಾ?" ಎಂದ ಕಂಡಕ್ಟರ್. "ಕಲ್ಲು ಎತ್ತೋದು ಕಣಪ್ಪ" ಎಂದೆ. ಆಧಾರ್ ಕಾರ್ಡು ತೋರಿಸಿದ ನನಗೆ ಬಿಟ್ಟಿ ಟಿಕೆಟ್ಟು, ಗೋಣಿಚೀಲಕ್ಕೆ ಮಾತ್ರ ಲಗೇಜ್ ಚೀಟಿ ಹರಿದ.

ಹುಣಸೂರಿನ ಇಬ್ರಾಹಿಂ ಸಾಬರು ಇಂಥ ಯಂತ್ರಗಳನ್ನು ಬಿಚ್ಚಿ ಕಟ್ಟುವುದರಲ್ಲಿ ಹಳಬರು. ನಮ್ಮ ಯಜಮಾನರಿಗೆ ಬಹಳ ಬೇಕಾದವರು. ಕಾಲಿನ ಸುದ್ದಿ ಕೇಳಿ ಕೈಲಿದ್ದ ಕೆಲಸ ಬಿಟ್ಟು ಮುಚ್ಚಳ ಬಿಚ್ಚಿದರು. ಬೆರಳಾಡಿಸಿದರು, ಮೂಗಿನ ಹತ್ತಿರ ಹಿಡಿದರು.

"ತಾಯಿ, ಇದರೊಳಕ್ಕೆ ಹರಳೆಣ್ಣೆ ಯಾರು ಬುಟ್ರು?"

"ಯಾಕೆ ಸಾಬ್ರೆ, ಬುಡಬಾರ್ದಾ?"

"ಇನ್ನೆಲ್ಲಿಗ್ ಬೇಕಾದ್ರೂ ಬುಡಿ, ಇಲ್ಲಿಗ್ ಮಾತ್ರ ಬುಡಂಗಿಲ್ಲ. ನೋಡಿ, ಈ ಬಿಲ್ಲೆಗಳು ಒಂದನ್ನೊಂದು ಕಚ್ಕಂಡು ಕಲ್ಲನ್ನ ಹಿಡ್ಕಂಡಿರ್ತವೆ. ಇದೇ ಬ್ರೇಕು. ಒಣಗಿರ್ಬೇಕು. ಎಣ್ಣೆ ಬಿದ್ರೆ ಜಾರ್ತದೆ. ಸಣ್ಣ ಕಲ್ಲು ತಡ್ಕತದೆ, ದೊಡ್ಡ ಕಲ್ಲಿಗೆ ಬುಟ್ಬುಡ್ತದೆ."

ಆ ಎರಡು ಸೌಟು ನೆನಪಾಯಿತು. ಆದರೂ ಕೇಳಿದೆ. "ಚೈನು ಹಿಡ್ಕಂಡಿದ್ದೋನು ಗಟ್ಟಿಯಾಗಿ ಹಿಡೀಬೋದಿತ್ತಲ್ಲ?"

"ಅಂಥ ಕಲ್ಲು ಜಾರ್ದಾಗ ಚೈನು ಕೈಯಿಂದ ಕಿತ್ಕಂಡು ಓಡ್ತದೆ ತಾಯಿ. ಹಿಡ್ಯಕ್ಕೋದ್ರೆ ಅಂಗೈ ಚರ್ಮ ಸುಲ್ಕಂಡೋಯ್ತದೆ."

ಬಟ್ಟೆ ಸುತ್ತಿದ ಆ ಎರಡು ಕೈಗಳು ನನ್ನ ಕಣ್ಣ ಮುಂದೆ ಬಂದವು. ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತೆ. ಸಾಬರು ಚಕ್ರ ತಿರುಗಿಸಲು ನೋಡಿದರು. ಅದು ತಿರುಗಲಿಲ್ಲ. ದಪ್ಪ ಚೈನು ಸುತ್ತುವ ಕಡೆ ಸ್ಕ್ರೂ ಡ್ರೈವರ್ ಹಾಕಿ ಮೀಟಿ ಮೀಟಿ ಏನನ್ನೋ ಎಳೆದು ಅಂಗೈ ಮೇಲಿಟ್ಟುಕೊಂಡರು. ಅರಿಶಿನದ ಬಟ್ಟೆ. ಒಳಗೆ ನನ್ನ ಐದು ರೂಪಾಯಿ ಬಗ್ಗಿ ಹೋಗಿತ್ತು, ಮೈಮೇಲೆ ಚಕ್ರದ ಹಲ್ಲಿನ ಗುರುತು.

"ಕಲ್ಲು ಸರ್ರಂತ ಇಳಿದ್ರೆ ಈ ಬಾಲ ಚಾಟಿ ಬೀಸ್ದಂಗೆ ಮೇಲಕ್ ಚಿಮ್ತದೆ. ಇದು ಅದರ್ ಜೊತೆಗೋಗಿ ಚಕ್ರದೊಳಗೆ ಸಿಗಾಕ್ಕಂಡು ನಿಲ್ಲಿಸ್ಬುಟ್ಟದೆ. ಇನ್ನೆರಡು ಬೆರಳಷ್ಟು ಇಳಿದಿದ್ರೆ ಪಾದ ಅಲ್ಲೇ ಓಗ್ಬುಡ್ತಿತ್ತು" ಎಂದರು. ಆಮೇಲೆ, "ಚೈನಿಗೆ ಏನ್ ಕಟ್ಟಿದ್ರೂ ನಾನು ಬಯ್ತೀನಿ ತಾಯಿ. ಇವತ್ತು ಬಯ್ಯಕ್ಕೆ ಬಾಯಿ ಬತ್ತಾ ಇಲ್ಲ" ಎಂದು ನಾಣ್ಯವನ್ನು ಬಟ್ಟೆ ಸಮೇತ ನನ್ನ ಕೈಗಿಟ್ಟರು.

ಅಲ್ಲಿಂದ ನಡೆದುಕೊಂಡು ಕಾಳಪ್ಪನ ಮನೆಗೆ ಹೋದೆ. ಅವನ ಹೆಂಡತಿ ಅವನಿಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ತನ್ನ ಕೈಯಲ್ಲಿ ತಾನು ಉಣ್ಣಲಾರದವನು ಎಳನೀರು ಹೊತ್ತುಕೊಂಡು ಮೈಸೂರಿಗೆ ಬಂದಿದ್ದನಲ್ಲ. ನಿಂತೇ ಹೇಳಿದೆ. "ಎಣ್ಣೆ ಬುಟ್ಟೋಳು ನಾನು ಕಣಪ್ಪ. ನಿನ್ಗೆ ಶಾಪ ಹಾಕ್ದೋಳೂ ನಾನೇ. ತಪ್ಪಾಯ್ತು." ಅವನು ಹೆಂಡತಿ ಚಾಚಿದ ತುತ್ತನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿದ. "ಅಣ್ಣನ್ ಕಾಲು ಎಂಗದೆ ಅಕ್ಕಾ?" ಎಂದ. ಅತ್ತುಬಿಟ್ಟೆ.

ಮೈಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಿಳಿಕೆರೆ ದಾಟುವವರೆಗೂ ಬಾಯಲ್ಲಿ ದೇವರ ಹೆಸರೂ ಬರಲಿಲ್ಲ. ಮುಡಿಪು ಮುಷ್ಟಿಯಲ್ಲಿತ್ತು. ಆಮೇಲೆ ಮೆಲ್ಲಗೆ ಹೇಳಿಕೊಂಡೆ: "ಮಲ್ಲಯ್ಯ, ನಿನ್ನ ಬಯ್ದೆ, ಅವನನ್ನ ಬಯ್ದೆ. ಇನ್ನು ಕೇಳೋಕೆ ನನಗೆ ಮುಖ ಇಲ್ಲ. ಆ ಪಾದ ಉಳಿದದ್ದಾದರೆ ಅದೇ ಪಾದದಲ್ಲಿ ನಡೆದು ಬಂದು ನಿನ್ನ ಬಾಗಿಲ ಕಲ್ಲು ಕೂರಿಸುತ್ತಾರೆ. ಉಳಿಯದೇ ಹೋದರೆ ನಾನು ಬಂದು ಚೈನು ಎಳೆಯುತ್ತೇನೆ. ನಿನ್ನ ಬಾಗಿಲಂತೂ ನಿಲ್ಲುತ್ತದೆ." ಇದು ಬೇಡಿಕೆಯೋ ಒಪ್ಪಂದವೋ ನನಗೆ ತಿಳಿಯದು. ಮನಸ್ಸು ಮಾತ್ರ ನಾಲ್ಕು ದಿನದ ಮೇಲೆ ಮೊದಲ ಸಲ ತಣ್ಣಗಾಯಿತು.

ಸಂಜೆ ಯಜಮಾನರ ಪಕ್ಕದಲ್ಲಿ ಕೂತು ಎಲ್ಲ ಹೇಳಿ, ನಾಣ್ಯ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಣ್ಣೆ ಬುಟ್ಟೋಳು ನೀನು. ದಿಮ್ಮಿನ ಕಾಲಲ್ ತಳ್ದೋನು ಯಾರು? ಕೋಲಲ್ಲಿ ತಳ್ಳು, ಕಾಲ್ ಹಾಕ್ಬೇಡ ಅಂತ ಕಾಳಪ್ಪಂಗೆ ದಿನಾ ಹೇಳೋನು ನಾನು. ಅವತ್ತು ನಾನೇ ಕಾಲ್ ಹಾಕ್ದೆ. ಬುಡು, ಮಕ ಒರೆಸ್ಕೊ" ಎಂದರು. ನಾಣ್ಯವನ್ನು ನನ್ನ ಕೈಗೆ ಕೊಡುತ್ತಾ, "ಆಸ್ಪತ್ರೆ ಮಂಚನೂ ಕಿರ್ ಅಂತದೆ ಕಣಮ್ಮಿ, ಎಣ್ಣೆ ಗಿಣ್ಣೆ ತಂದಿಲ್ಲ ತಾನೇ?" ಎಂದರು. ಅಳುತ್ತಲೇ ನಕ್ಕೆ.

ಬೆಳಿಗ್ಗೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಮತ್ತೆ ಒತ್ತಿ ಬಿಟ್ಟರು. "ನೋಡಿಮ್ಮ, ಕೆಂಪಗಾಗ್ತಾ ಇದೆ. ರಕ್ತ ಹರೀತಾ ಇದೆ" ಎಂದರು. ನಾನು ಪಾದ ಮುಟ್ಟಿದೆ. ಬೆಚ್ಚಗಿತ್ತು. ಡಾಕ್ಟರಮ್ಮನ ಕೈಗುಣವೂ ಹೌದು, ಔಷಧಿಯೂ ಹೌದು. ಆ ಕೈಯನ್ನು ಅಲ್ಲಿಗೆ ತಂದವನು ಯಾರೆಂದು ನನಗೆ ಗೊತ್ತು. ಕಪ್ಪು ಅಲ್ಲಿಗೇ ನಿಂತಿತು. ನಡುಬೆರಳೂ ಉಳಿಯಿತು.

ನಾಲ್ಕು ತಿಂಗಳು ಆ ಕಲ್ಲು ಗುಡಿಯ ಮುಂದೆ ಹಾಗೇ ಕಾದಿತ್ತು. ಶಿವರಾತ್ರಿ ಕಳೆದ ಸೋಮವಾರ ನಾವು ಹೋದೆವು. ಇಬ್ರಾಹಿಂ ಸಾಬರು ಹೊಸ ಬಿಲ್ಲೆ ಹಾಕಿಕೊಟ್ಟಿದ್ದರು. ಯಜಮಾನರು ಅಭ್ಯಾಸದಂತೆ ಚಪ್ಪಲಿ ಬಿಡಲು ಹೋದರೆ ಅರ್ಚಕರೇ ತಡೆದು, "ಬೇಡ ಶಿವಮಲ್ಲಪ್ಪ. ಕಲ್ಲು ಕೂರೋವರ್ಗೂ ದಪ್ಪ ಶೂ ಹಾಕ್ಕಳಿ. ಒಳಗಿರೋನು ಏನೂ ಅಂದ್ಕಳಲ್ಲ" ಎಂದರು. ಕಾಳಪ್ಪ ಚೈನು ಹಿಡಿದ. ನಾನು ದೂರ ನಿಂತೆ. ಟಿಕ್ ಟಿಕ್ ಟಿಕ್ ಎಂದು ಸದ್ದು ಜೋರಾಗಿ ಕೇಳುತ್ತಿತ್ತು. ಒಂದೊಂದು ಟಿಕ್ಕಿಗೂ ಓಂ ನಮಃ ಶಿವಾಯ ಎಂದುಕೊಂಡೆ. ದಿಮ್ಮಿಯನ್ನು ಕೋಲಿನಲ್ಲಿ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಬಾಗಿಲ ಮೇಲೆ ಕೂತಿತು.

ಮುಡಿಪನ್ನು ತಾಯಿತ ಮಾಡಿಸಿಕೊಳ್ಳಿ ಎಂದು ಯಾರೋ ಹೇಳಿದರು. ನಾನು ಒಪ್ಪಲಿಲ್ಲ. ಅವನದ್ದು ಅವನಿಗೆ ಎಂದು ಬಗ್ಗಿದ ನಾಣ್ಯವನ್ನು ಬಟ್ಟೆ ಸಮೇತ ಹುಂಡಿಗೆ ಹಾಕಿದೆ. ಈಗ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಯಂತ್ರದ ಮೂರು ಕಾಲಿಗೆ ವಿಭೂತಿ ಹಚ್ಚುತ್ತೇವೆ. ಚೈನಿಗೆ ಏನೂ ಕಟ್ಟುವುದಿಲ್ಲ, ಎಣ್ಣೆ ಡಬ್ಬಿ ಅಡುಗೆಮನೆ ದಾಟುವುದಿಲ್ಲ. ನಿಮ್ಮಲ್ಲಿ ಯಾರಾದರೂ ಯಾರಿಗಾದರೂ ಶಾಪ ಹಾಕಿ ಕೂತಿದ್ದರೆ, ಮೊದಲು ಅವರ ಕೈ ನೋಡಿಕೊಂಡು ಬನ್ನಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕಲ್ಲು ಕೂತ ಆ ಸೋಮವಾರ ಎಲ್ಲ ಮುಗಿದ ಮೇಲೆ ಯಜಮಾನರು ಶೂ ಬಿಚ್ಚಿ, ಕಾಲು ತೊಳೆದುಕೊಂಡು ಹೊಸ ಬಾಗಿಲ ಮುಂದೆ ನಿಂತರು. ಅರ್ಚಕರು ಒಳಗಿನಿಂದ ಕರೆದರು, "ಬಲಗಾಲಿಟ್ಟು ಬನ್ನಿ." ಅವರು ಒಮ್ಮೆ ನನ್ನ ಕಡೆ ನೋಡಿ, ಮೂರೇ ಬೆರಳಿನ ಆ ಬಲಗಾಲನ್ನು ಎತ್ತಿ ಹೊಸ್ತಿಲ ಒಳಗೆ ಇಟ್ಟರು.