ಮಂಜಮ್ಮನ ಆಟೋಗೆ ಬಿದ್ದ ಹಾರ

ಗೆಳೆಯರೇ, ಇವತ್ತು ಬೆಳಿಗ್ಗೆ ಕೆಂಗೇರಿ ಉಪನಗರದ ನಮ್ಮ ಪಾರ್ಕಿನ ಪಕ್ಕ ಸರ್ಕಾರದ ಅನುದಾನದಲ್ಲಿ ನಮ್ಮ ಸಂಘ ಹಾಕಿಸಿದ ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗ್ ಪಾಯಿಂಟ್ ಉದ್ಘಾಟನೆ ಇತ್ತು. ಕಾಯಿ ಒಡೆದ ಮೇಲೆ, ಬಂದಿದ್ದ ಸರ್ಕಾರಿ ಅಧಿಕಾರಿ ಸಂಘದ ಅಧ್ಯಕ್ಷರಿಗೆ, "ಒಂದು ಗಾಡಿ ಚಾರ್ಜಿಗೆ ಹಾಕಿ ಸಾರ್. ಫೋಟೋ ಕಳಿಸದಿದ್ರೆ ಉಳಿದ ಅನುದಾನ ಬರಲ್ಲ" ಎಂದರು. ನೋಡಿದರೆ, ಬಡಾವಣೆಯ ಸಂಘದಲ್ಲಿ ಒಬ್ಬರ ಬಳಿಯೂ ಎಲೆಕ್ಟ್ರಿಕ್ ಗಾಡಿಯಿಲ್ಲ.

ಅಷ್ಟರಲ್ಲಿ ತರಕಾರಿ ಮಂಜಮ್ಮ ತಮ್ಮ ಎಲೆಕ್ಟ್ರಿಕ್ ಆಟೋದಲ್ಲಿ "ಸೊಪ್ಪೂ, ಸೊಪ್ಪೂ" ಎಂದು ಕೂಗುತ್ತಾ ಬಂದರು. ಹೋದ ವಾರವಷ್ಟೇ ಅವರನ್ನು ಅಲ್ಲಿಂದ ಓಡಿಸಿದ್ದ ಸಂಘದ ಅಧ್ಯಕ್ಷರು, ಅಂದರೆ ನಮ್ಮ ಮಾವನವರು, ಎದುರು ಹೋಗಿ ಕೈ ಮುಗಿದರು.

"ಮಂಜಮ್ಮ, ಐದೇ ನಿಮಿಷ ಇಲ್ಲಿ ನಿಲ್ಸಮ್ಮ."

"ಐದು ನಿಮಿಷಕ್ಕೆಲ್ಲ ಆಗಲ್ಲ ಸಾರ್. ದಿನಾ ಬೆಳಿಗ್ಗೆ ಇಲ್ಲೇ ನಿಲ್ಸಿ ವ್ಯಾಪಾರ ಮಾಡ್ತೀನಿ. ಆಯ್ತಾ?"

ಮಾವ ಅಧಿಕಾರಿಯ ಮುಖ ನೋಡಿದರು. "ಆಯ್ತಮ್ಮ."

ನಗು ತಡೆಯಲಾರದೆ ನಾನು ಸೆರಗು ಬಾಯಿಗೊತ್ತಿಕೊಂಡೆ. ಆಟೋಗೆ ಹಾರ ಬಿತ್ತು, ಫೋಟೋ ಆಯಿತು. "ಚಾರ್ಜ್ ಆಗೋವರ್ಗೂ ಸುಮ್ನೆ ನಿಂತು ಏನ್ ಮಾಡ್ತೀರಾ, ಸೊಪ್ಪು ತಗೊಳ್ಳಿ" ಎಂದರು ಮಂಜಮ್ಮ. ಅಧಿಕಾರಿ ದಂಟಿನ ಸೊಪ್ಪು ಹಿಡಿದು ಡೀಸೆಲ್ ಜೀಪು ಹತ್ತಿದರು. ಮಾವ ಎರಡು ಕಟ್ಟು ತಂದರು.

ಯೋಜನೆಯ ಫಲಾನುಭವಿಗಳ ಪಟ್ಟಿ ಯಾರಾದರೂ ಬರೆಯುತ್ತಿದ್ದರೆ, ನಮ್ಮನೆಯ ಇವತ್ತಿನ ಸೊಪ್ಪಿನ ಬಸ್ಸಾರನ್ನೂ ಸೇರಿಸಿಕೊಳ್ಳಿ.