ಐದು ಸಾಲ್ಮನ್ನೂ ಗಂಗವ್ವನ ಹಳ್ಳವೂ

ಮೀನಿನ ಕುರಿತು ಮಾತನಾಡಲು ನನಗಿರುವ ಅರ್ಹತೆ ವಿಚಿತ್ರವಾದದ್ದು. ಜಮಖಂಡಿಯ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಜೀವಶಾಸ್ತ್ರ ಕಲಿಸಿದ ನಾನು ಕರಿಹಲಗೆಯ ಮೇಲೆ ಬಿಡಿಸಿದ ಮೀನುಗಳಿಗೆ ಲೆಕ್ಕವಿಲ್ಲ. ನಾಲಗೆಯ ಮೇಲೆ ಇಟ್ಟದ್ದು ಒಂದೂ ಇಲ್ಲ. ಲಿಂಗ ಕಟ್ಟಿದ ಮನೆತನ ನಮ್ಮದು. ಕಿವಿರು, ಈಜುಚೀಲಗಳೆಲ್ಲ ಕಂಠಸ್ಥ, ರುಚಿ ಮಾತ್ರ ಪಠ್ಯಕ್ರಮದಾಚೆಯದು. ಆದರೂ ಹೋದ ಮುಂಗಾರಿನಲ್ಲಿ ಬನಹಟ್ಟಿಯಿಂದ ಸುಜಾತಾ ಫೋನು ಮಾಡಿ, "ಕಾಕಾ, ಸಾಲ್ಮನ್‌ನಾಗ ಯಾವ ಜಾತಿ ಛಲೋರಿ?" ಎಂದು ಕೇಳಿದಾಗ, ಸಂಕೋಚಪಡಬೇಕಾದ ನಾನು ಸಂಭ್ರಮಪಟ್ಟೆ.

ಸುಜಾತಾ ನನ್ನ ಬಾಲ್ಯದ ಗೆಳೆಯ ಪರಸಪ್ಪನ ಮಗಳು. ಸೀರೆ ನೇಯುವ ಪರಸಪ್ಪ ದೀರ್ಘ ಜ್ವರದಿಂದ ಹಾಸಿಗೆ ಹಿಡಿದಿದ್ದ. ಜ್ವರ ಹೋಗುವಾಗ ಅವನ ಹಸಿವನ್ನೂ ಕಟ್ಟಿಕೊಂಡು ಹೋಗಿತ್ತು. ಎರಡು ಚಮಚ ಗಂಜಿ ಕುಡಿದು ಗೋಡೆಯತ್ತ ಹೊರಳುತ್ತಿದ್ದ. ಮಗ್ಗದ ಸದ್ದು ಕೇಳಿದರೂ ಕಣ್ಣು ತೆರೆಯುತ್ತಿರಲಿಲ್ಲ. ಮೀನು ತಿನ್ನಿಸಿ ನೋಡಿ ಎಂದಿದ್ದರು ಡಾಕ್ಟರು. ಫೋನಿನಲ್ಲಿ ಸಾಲ್ಮನ್ನಿನ ಗುಣಗಾನ ಕಂಡಿದ್ದ ಮಗಳಿಗೆ ಅದೇ ಸಂಜೀವಿನಿಯಂತೆ ತೋರಿತ್ತು.

ಎರಡು ದಿನ ಓದಿ, ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು ಬನಹಟ್ಟಿಗೆ ಹೋದೆ. ರೋಗಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ವ್ಯಾಖ್ಯಾನ ಆರಂಭಿಸಿದೆ. ಕಡಲಲ್ಲಿ ತಾವಾಗಿಯೇ ಬೆಳೆಯುವ ಸಾಲ್ಮನ್ನುಗಳಲ್ಲಿ ರಾಜಸಾಲ್ಮನ್ನಿಗೆ ಕೊಬ್ಬು ಹೆಚ್ಚು, ಉರಿ ತುಸು ಜಾಸ್ತಿಯಾದರೂ ಮೆತ್ತಗೇ ಇರುತ್ತದೆ; ಕೆಂಪು ಸಾಲ್ಮನ್ನಿನದು ಗಟ್ಟಿ ಮಾಂಸ, ಗಾಢ ರುಚಿ; ಬೆಳ್ಳಿಯದು ಸೌಮ್ಯ; ಗುಲಾಬಿಯದರಲ್ಲೂ ಚಮ್ ಎಂಬುದರಲ್ಲೂ ಕೊಬ್ಬು ಕಡಿಮೆ, ಬೇಯಿಸುವಾಗ ಎಚ್ಚರ ತಪ್ಪಿದರೆ ಒಣಗಿ ಹೋಗುತ್ತವೆ. ಹೃದಯಕ್ಕೆ ಹಿತವಾದ ಕೊಬ್ಬು ಎಲ್ಲದರಲ್ಲೂ ಉಂಟು. ಇಷ್ಟು ನಿರರ್ಗಳವಾಗಿ ಹೇಳಿದವನಿಗೆ ಆ ಮೀನು ಎಲ್ಲಿ ಸಿಗುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ದಾರಿಯಲ್ಲಿ ಒಬ್ಬ ವ್ಯಾಪಾರಿ ಹಿಮಗಟ್ಟಿದ ರಾವಸ್ ಮೀನು ತೋರಿಸಿ, "ಇದೂ ಸಾಲ್ಮನ್ನ ರೀ, ನಮ್ಮ ದೇಶದ್ದು!" ಎಂದಿದ್ದ. ಅದು ಬೇರೆಯದೇ ಕುಲ. ವಾದಿಸಿ ಗೆದ್ದು, ಬರಿಗೈಯಲ್ಲಿ ಬಂದಿದ್ದೆ.

ಮಾತಿನ ಭರದಲ್ಲಿ ಇನ್ನೊಂದು ಸಂಗತಿಯೂ ಬಾಯಿಂದ ಜಾರಿತು. ಮೊಟ್ಟೆಯಿಡಲು ಕಡಲಿನಿಂದ ಹುಟ್ಟೂರಿನ ಹೊಳೆಗೆ ಮರಳುವ ಸಾಲ್ಮನ್, ಸಿಹಿನೀರು ಸೇರಿದ ಮೇಲೆ ಆಹಾರ ಬಿಟ್ಟುಬಿಡುತ್ತದೆ ಎಂದೆ. ಎನ್ನುತ್ತಲೇ ನಾಲಗೆ ಕಚ್ಚಿಕೊಂಡೆ. ಗೋಡೆಯತ್ತ ಮುಖ ಮಾಡಿದ್ದ ಪರಸಪ್ಪ ನಿಧಾನವಾಗಿ ಹೊರಳಿದ.

"ಊಟ ಬಿಟ್ಟ ಮ್ಯಾಲೂ ಏರತಾವೇನಲೇ ಮಾಸ್ತರ?"

"ಏರತಾವ. ನೀರ ಧುಮುಕೂ ದಬದಬೆ ಬಂದ್ರೂ ಹಾರಿ ಏರತಾವ."

"ಸುಳ್ಳ ಹೇಳ್ತಿ. ನೀರಿಗೆ ಎದುರು ಮೀನ ಹೆಂಗ ಹಾರತೈತಿ?"

ಎಷ್ಟೋ ದಿನಗಳ ನಂತರ ಅವನು ಆಡಿದ ಅಷ್ಟು ಉದ್ದದ ಮಾತು ಅದು. ಬಾಗಿಲಲ್ಲಿ ನಿಂತ ಸುಜಾತಾಳ ಕಣ್ಣು ತುಂಬಿತು. ಅವನಿಗೆ ಬೇಕಾದ ಉತ್ತರ ಪುಸ್ತಕದಲ್ಲಿರಲಿಲ್ಲ; ಕಣ್ಣಾರೆ ತೋರಿಸಬೇಕಿತ್ತು.

ಬೀಳಗಿಯ ಹಿನ್ನೀರಿನ ದಂಡೆಯಲ್ಲಿ ಮೀನು ಮಾರುವ ಅಂಬಿಗರ ಗಂಗವ್ವನ ಬಗ್ಗೆ, ಅಲ್ಲಿಯ ಹಳ್ಳದಲ್ಲಿ ಮುಂಗಾರಿನ ನೀರಿಗೆ ಎದುರು ಏರುವ ಮೀನುಗಳ ಬಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದ. ಹೊಸ ನೀರು ಬಂದ ಮೂರನೆಯ ದಿನ, ಬಾಡಿಗೆ ಜೀಪಿನಲ್ಲಿ ದಿಂಬುಗಳ ನಡುವೆ ಪರಸಪ್ಪನನ್ನು ಕೂರಿಸಿಕೊಂಡು ಹೋದೆವು. ಗಂಗವ್ವ ಬುಟ್ಟಿ ಬಿಚ್ಚಿ, ಪಟ್ಟಿಯ ಹಂಗಿಲ್ಲದೆ ಹೋಲಿಕೆ ಹೇಳಿದಳು. "ಕಾಟ್ಲಾಕ ತಲಿ ರುಚಿ, ರೋಹುಕ ಬೆನ್ನ ರುಚಿ. ಜಡ್ಡಿನಿಂದ ಎದ್ದಾವ್ರಿಗೆ ಈ ಕರೇದು, ಹಾವಿನಂಥಾ ತಲೀ ಮೀನ ಛಲೋ. ಮುಳ್ಳ ಕಡಿಮಿರಿ, ಹಗೂರ ಪಚನ ಆಕ್ಕೈತಿ."

"ನೀರಿಗೆ ಎದುರು ಹತ್ತೂ ಮೀನ ತೋರಸವ್ವಾ," ಎಂದ ಪರಸಪ್ಪ.

ಅವಳು ನಮ್ಮನ್ನು ಹಿನ್ನೀರಿಗೆ ಸೇರುವ ಹಳ್ಳದ ಕಡೆಗೆ ಕರೆದೊಯ್ದಳು. ಸೊಂಟದೆತ್ತರದ ಕಲ್ಲಿನ ಒಡ್ಡಿನ ಮೇಲಿಂದ ಕೆನ್ನೀರು ಧುಮುಕುತ್ತಿತ್ತು. ನೋಡನೋಡುತ್ತಿದ್ದಂತೆ ಆ ಕೆಂಪಿನೊಳಗಿಂದ ಒಂದು ಬೆಳ್ಳಿ ಸಿಡಿಯಿತು. ಕಲ್ಲಿಗೆ ಬಡಿದು ಬಿತ್ತು. ಮತ್ತೊಂದು. ಮತ್ತೆ ಹತ್ತಾರು. ಅಂಗೈಯುದ್ದದ ಜೀವಗಳು ಇಡೀ ಹಳ್ಳದ ಭಾರವನ್ನು ಎದೆಯಲ್ಲಿ ತಡೆದು ಹಾರುತ್ತಿದ್ದವು, ಬೀಳುತ್ತಿದ್ದವು, ಬಿದ್ದಲ್ಲಿಂದಲೇ ಮತ್ತೆ ಹಾರುತ್ತಿದ್ದವು. ವರ್ಷಗಟ್ಟಲೆ 'ವಲಸೆ' ಎಂಬ ಪದವನ್ನು ಬರೆಸಿದ ನಾನು, ಓದುಗರೇ, ಆ ಪದದ ಮುಂದೆ ಅಂದು ಮೊದಲ ಬಾರಿಗೆ ಟೋಪಿ ತೆಗೆದು ನಿಂತೆ.

"ಇವನ್ನ ನಾವು ಹಿಡಿಯಾಂಗಿಲ್ಲರಿ," ಎಂದಳು ಗಂಗವ್ವ. "ಹೊಟ್ಟಿ ತುಂಬ ತತ್ತಿ ಇರತಾವ."

ಒಂದು ಮೀನು ಐದು ಸಲ ಬಿತ್ತು. ಪರಸಪ್ಪ ಜೀಪಿನ ಬಾಗಿಲು ಹಿಡಿದು ನಿಂತಿದ್ದ. ಅದು ಬಿದ್ದಾಗಲೊಮ್ಮೆ ಅವನ ಭುಜ ತಾನೇ ಮುಂದಕ್ಕೆ ಬಾಗುತ್ತಿತ್ತು. ಆರನೆಯ ಸಲ ಒಡ್ಡಿನ ಅಂಚಿನಲ್ಲಿ ಕ್ಷಣಕಾಲ ಮಿಡುಕಿ, ಬಾಲ ಬೀಸಿ, ಅದು ಮೇಲಿನ ನೀರಿಗೆ ಸೇರಿಹೋಯಿತು.

"ಹತ್ತಿತಲೇ!" ಎಂದು ಕೂಗಿದ ಪರಸಪ್ಪ. ಕೂಗಿದ್ದಕ್ಕೇ ಸುಸ್ತಾಗಿ ಅಲ್ಲಿಯೇ ಕಲ್ಲಿನ ಮೇಲೆ ಕುಳಿತ. ನಾವು ಗಾಬರಿಯಿಂದ ಹತ್ತಿರ ಹೋದರೆ, ಅವನು ಕೈಯೆತ್ತಿ ತಡೆದ.

"ಏನೂ ಆಗಿಲ್ಲ. ಗಂಗವ್ವಾ, ಹತ್ತೂದನ್ನ ಬಿಡು, ಬುಟ್ಟ್ಯಾಗಿಂದು ಮಾಡು. ಹಸಿವಿ ಆಗೇತಿ."

ಹುಣಸೆ, ಬೆಳ್ಳುಳ್ಳಿ, ಒಣಕೊಬ್ಬರಿ ಅರೆದು ಹಾಕಿದ ಸಾರು ಅವಳ ಗುಡಿಸಲಿನ ಒಲೆಯ ಮೇಲೆ ಕುದಿಯಿತು. ನಾನು ತಟ್ಟೆಯಲ್ಲಿ ಮೊಸರು ಹಾಕಿಸಿಕೊಂಡು ಎದುರು ಕುಳಿತೆ. ಪರಸಪ್ಪ ಜೋಳದ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಮೆಲ್ಲಗೆ ತಿಂದ. ಮುಗಿಸಿ, ತಟ್ಟೆಯನ್ನು ಗಂಗವ್ವನ ಕಡೆಗೆ ಚಾಚಿದ.

"ಇನ್ನೊಂದ ರೊಟ್ಟಿ ಐತೇನವ್ವಾ?"

ಸುಜಾತಾ ತಟ್ಟನೆ ಎದ್ದು, ಯಾರಿಗೂ ಮುಖ ತೋರದಂತೆ, ರೊಟ್ಟಿ ತರಲು ಒಳಗೆ ಹೋದಳು.